ನವಣೆ ಬಿಯರು ಮತ್ತು ಅಣ್ಣನ ನಾಲಿಗೆ

ನಮ್ಮ ಪಡಸಾಲೆಯ ಶೋಕೇಸಿನಲ್ಲಿ ಒಂದು ಹಿತ್ತಾಳೆ ಸೌಟು ಇದೆ. ಮರದ ಹಲಗೆಯ ಮೇಲೆ ಕೂರಿಸಿ ಕೆಳಗೆ ‘ಮೊದಲ ಬಹುಮಾನ’ ಎಂದು ಬರೆಸಿದ್ದಾರೆ. ಮನೆಗೆ ಬಂದವರು ಯಾವುದೋ ಅಡುಗೆ ಸ್ಪರ್ಧೆಯಲ್ಲಿ ನನ್ನ ಹೆಂಡತಿ ಗೆದ್ದದ್ದು ಎಂದುಕೊಳ್ಳುತ್ತಾರೆ. ಅವಳು ಹೌದೆನ್ನುವುದಿಲ್ಲ, ಇಲ್ಲವೆನ್ನುವುದೂ ಇಲ್ಲ, ಕಾಫಿ ತರುತ್ತೇನೆಂದು ಒಳಗೆ ಹೋಗಿಬಿಡುತ್ತಾಳೆ. ಅದು ಮನೆಯಲ್ಲೇ ಬಿಯರ್ ತಯಾರಿಸುವವರ ಸ್ಪರ್ಧೆಯಲ್ಲಿ ನನಗೆ ಬಂದದ್ದು. ಅದನ್ನು ಗೆಲ್ಲುವುದಕ್ಕೆ ನಾನು ನನ್ನ ಅಣ್ಣನನ್ನು ಬಳಸಿಕೊಂಡೆ. ಕುಡಿತ ಬಿಟ್ಟು ಹನ್ನೊಂದು ತಿಂಗಳಾಗಿದ್ದ ಅಣ್ಣನನ್ನು.

ನಮ್ಮದು ಚಳ್ಳಕೆರೆಯಲ್ಲಿ ಶೇಂಗಾ ಮಂಡಿಯ ಮನೆ. ಮಂಡಿಯಲ್ಲಿ ಚೀಲ ಬಿಚ್ಚಿದರೆ ಮೊದಲು ಒಂದು ಹಿಡಿ ತೆಗೆದು, ಸಿಪ್ಪೆ ಒಡೆದು, ಎರಡು ಬೀಜ ಬಾಯಿಗೆ ಹಾಕಿ ಕಡಿದು ಉಗುಳಬೇಕು. ತೇವ ಎಷ್ಟಿದೆ, ಮುಗ್ಗಲು ಹಿಡಿದಿದೆಯೇ, ಗಾಣಕ್ಕೆ ಹಾಕಿದರೆ ಎಣ್ಣೆ ಎಷ್ಟು ಬಿಡುತ್ತದೆ, ಎಲ್ಲವೂ ನಾಲಿಗೆಗೇ ತಿಳಿಯಬೇಕು. ಈಗ ತೇವ ಅಳೆಯುವ ಯಂತ್ರಗಳು ಬಂದಿವೆ. ಆದರೂ ಯಂತ್ರ ನೋಡಿದ ಮೇಲೆ ಎರಡು ಬೀಜ ಕಡಿದು ಉಗುಳದ ವ್ಯಾಪಾರಿಯನ್ನು ನಾನಿನ್ನೂ ನೋಡಿಲ್ಲ.

ಅಪ್ಪ ಕಟ್ಟಾ ಶಿವಭಕ್ತರು. ಸೋಮವಾರ ಉಪವಾಸ, ಶಿವರಾತ್ರಿಗಂತೂ ನೀರೂ ಇಲ್ಲ. ಆದರೆ ಉಪವಾಸದ ದಿನವೂ ಮಂಡಿಯಲ್ಲಿ ಕೂತು ಬೀಜ ಕಡಿಯುತ್ತಿದ್ದರು, ಉಗುಳುತ್ತಿದ್ದರು. ಅವ್ವ ಕೆಣಕಿದರೆ, “ನಾನೇನು ತಿಂದ್ನಾ? ಅದು ಕೆಲಸ” ಎನ್ನುತ್ತಿದ್ದರು. ನಮ್ಮ ಬೀದಿಯ ಅಷ್ಟೂ ಮಂಡಿ ಮನೆಗಳಲ್ಲಿ ಇದೇ ರಿವಾಜು. ಗಂಟಲಿನಿಂದ ಕೆಳಗೆ ಇಳಿಯದ್ದು ವ್ರತಕ್ಕೆ ಅಡ್ಡ ಬರುವುದಿಲ್ಲ. ನಾವು ಅಣ್ಣತಮ್ಮಂದಿರು ಅದನ್ನು ನೋಡಿಕೊಂಡೇ ಬೆಳೆದೆವು. ಸರಿಯೋ ತಪ್ಪೋ ಎಂದು ಯೋಚಿಸುವ ಪ್ರಮೇಯವೇ ಬರಲಿಲ್ಲ.

ಅಣ್ಣನ ನಾಲಿಗೆ ಅಪ್ಪನದಕ್ಕಿಂತ ಚುರುಕು. ಒಂದೇ ಬೀಜ ಕಡಿದು, “ಇದು ದೊಡ್ಡಉಳ್ಳಾರ್ತಿ ಕಡೇದು, ಕಿತ್ತ ಮ್ಯಾಲೆ ಒಂದು ಮಳೇಲಿ ನೆನೆದೈತೆ” ಎನ್ನುತ್ತಿದ್ದ. ಚೀಲ ತಂದ ರೈತ ಬೆಪ್ಪಾಗಿ ನೋಡುತ್ತಿದ್ದ. ನನ್ನದು ಸಾಧಾರಣ ನಾಲಿಗೆ. ಅಪ್ಪ ಯಾವತ್ತೂ ನನ್ನನ್ನು ಕರೆದು ಬೀಜ ಕಡಿಸಿದವರಲ್ಲ. ಲೋಡು ಇಳಿಸಿಕೊಳ್ಳುವುದು, ಲಾರಿಯವನ ಹತ್ತಿರ ಜಗಳ ಆಡುವುದು ನನ್ನ ಪಾಲಿನ ಕೆಲಸವಾಗಿತ್ತು. ಜಗಳ ನಾನು ಚೆನ್ನಾಗಿಯೇ ಆಡುತ್ತಿದ್ದೆ.

ಆ ಚುರುಕು ನಾಲಿಗೆಗೆ ಕುಡಿತವೂ ಹತ್ತಿತು. ಇಪ್ಪತ್ತು ವರ್ಷ ಕುಡಿದ. ಮೊದಲು ಗೆಳೆಯರ ಜೊತೆ, ಆಮೇಲೆ ಒಬ್ಬನೇ, ಕೊನೆಗೆ ಮಂಡಿಯ ಚೀಲಗಳ ಹಿಂದೆ. ಒಂದು ದಿನ ರಕ್ತ ಕಾರಿಕೊಂಡ. ದಾವಣಗೆರೆಯಲ್ಲಿ ತಿಂಗಳುಗಟ್ಟಲೆ ಇಟ್ಟು ಬಿಡಿಸಿಕೊಂಡು ಬಂದೆವು. ಅಲ್ಲಿನ ಡಾಕ್ಟರು ಕಳಿಸುವಾಗ ಅತ್ತಿಗೆಯನ್ನೂ ನನ್ನನ್ನೂ ಕೂರಿಸಿಕೊಂಡು, ಈ ಮನುಷ್ಯನ ಲಿವರಿನಲ್ಲಿ ಇನ್ನೊಂದು ಸಲಕ್ಕೆ ಜಾಗವಿಲ್ಲ, ಮತ್ತೆ ಶುರು ಮಾಡಿದರೆ ನನ್ನ ಹತ್ತಿರ ಕರೆತಂದು ಪ್ರಯೋಜನವಿಲ್ಲ ಎಂದು ಹೇಳಿದರು. ಊರಿಗೆ ಬಂದವನೇ ಅಣ್ಣ ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳಿನ ಲಿಂಗವನ್ನು ಅಂಗೈ ಮೇಲಿಟ್ಟುಕೊಂಡು ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಿದ. ಅತ್ತಿಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಸಂಜೆ ಅವನು ಮನೆಗೆ ಬಂದರೆ ಬಾಗಿಲಲ್ಲೇ ನಿಲ್ಲಿಸಿ ಬಾಯಿ ಮೂಸುತ್ತಿದ್ದರು. ಐವತ್ತೆಂಟರ ಗಂಡಸು ಹೆಂಡತಿಯ ಎದುರು ಬಾಯಿ ತೆರೆದು ನಿಲ್ಲುತ್ತಿದ್ದ. ನಾನು ಎಷ್ಟೋ ಸಲ ನೋಡಿ ಮುಖ ತಿರುಗಿಸಿದ್ದೇನೆ.

ಇನ್ನು ನನ್ನ ಕಥೆ. ಕೊರೋನಾ ಜ್ವರದಲ್ಲಿ ನನ್ನ ಮೂಗು ಹೋಯಿತು, ಮೂಗಿನ ಜೊತೆ ರುಚಿಯೂ ಹೋಯಿತು. ಎಲ್ಲರಿಗೂ ಎರಡು ತಿಂಗಳಲ್ಲಿ ವಾಪಸ್ ಬಂತು, ನನಗೆ ಬರಲಿಲ್ಲ. ಉಪ್ಪು, ಸಿಹಿ, ಖಾರ ಅಷ್ಟು ತಿಳಿಯುತ್ತದೆ, ಉಳಿದದ್ದೆಲ್ಲ ಒಂದೇ. ಹೋಳಿಗೆಯೂ ಹೊಟ್ಟೂ ನನಗೆ ಸಮ. ಅಣ್ಣ ಕುಡಿತದಿಂದ ಮೂಲೆ ಸೇರಿದ ಮೇಲೆ ಮಂಡಿ ನನ್ನ ತಲೆಗೆ ಬಂದಿತ್ತು, ಅದೇ ಹೊತ್ತಿಗೆ ನಾನು ಬೀಜ ಕಡಿದು ಸುಮ್ಮನೆ ಉಗುಳುವವನಾದೆ. ಹಮಾಲರೇ ಕಡಿದು ನೋಡಿ ನನಗೆ ಹೇಳುತ್ತಿದ್ದರು. ಅವರು ಹೇಳಿದ್ದಕ್ಕೆ ನಾನು ಗತ್ತಿನಿಂದ ತಲೆ ಆಡಿಸುತ್ತಿದ್ದೆ. ಆ ಅವಮಾನ ನನ್ನನ್ನು ಒಳಗೊಳಗೇ ತಿಂದುಹಾಕಿತು. ಈಗ ಯೋಚಿಸಿದರೆ ಮುಂದಿನದ್ದೆಲ್ಲ ಅಲ್ಲಿಂದಲೇ ಶುರುವಾಯಿತು ಅನ್ನಿಸುತ್ತದೆ.

ನಮ್ಮ ಮಾಳಿಗೆ ಮನೆಗೆ ಬಾಡಿಗೆಗಿದ್ದವರು ಒಬ್ಬ ವಿಜ್ಞಾನಿ. ದೊಡ್ಡಉಳ್ಳಾರ್ತಿ ಕಾವಲಿನ ಕಡೆ ಎದ್ದಿರುವ ಸಂಶೋಧನಾ ಕಟ್ಟಡಗಳಲ್ಲೊಂದರಲ್ಲಿ ಕೆಲಸ. ಹೊರರಾಜ್ಯದವರು, ಮುರುಕು ಕನ್ನಡ, ಒಳ್ಳೆಯ ಮನುಷ್ಯ. ಅವರ ಬಚ್ಚಲಿನಲ್ಲಿ ಎರಡು ದೊಡ್ಡ ಮುಚ್ಚಳದ ಬಕೆಟ್ಟುಗಳು ಸದಾ ಗುಳುಗುಳು ಎನ್ನುತ್ತಿದ್ದವು. ನಲ್ಲಿ ರಿಪೇರಿಗೆ ಹೋದವನು ಏನೆಂದು ಕೇಳಿದೆ. ನಾಚಿಕೊಂಡು ಬಿಯರ್ ಎಂದರು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಪುಡಿ ಮಾಡಿ, ಬಿಸಿನೀರಿನಲ್ಲಿ ಇಟ್ಟು ಸಿಹಿ ತೆಗೆದು, ಹಾಪ್ಸ್ ಎಂಬ ಕಹಿ ಹೂವಿನ ಜೊತೆ ಕುದಿಸಿ, ಆರಿದ ಮೇಲೆ ಈಸ್ಟು ಹಾಕುವುದು ಎಂದು ವಿವರಿಸಿದರು. ನನಗೆ ನಗು ಬಂತು. ಅರ್ಧ ಕೆಲಸ ನಮ್ಮ ಮನೆಯ ಹೆಂಗಸರು ಕೂಸಿಗೆ ಮೊಳಕೆ ರಾಗಿ ಹಿಟ್ಟು ಮಾಡುವುದೇ ಆಗಿತ್ತು.

ನಾನು ನವಣೆಯಲ್ಲಿ ಮಾಡಿ ನೋಡಿದೆ. ಹಗಲೆಲ್ಲ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಅಕ್ಕಿಕಾಳಿನಷ್ಟಾದ ಮೇಲೆ ತಾರಸಿಯಲ್ಲಿ ಒಣಗಿಸಿ, ಉಜ್ಜಿ ಬೇರು ತೆಗೆದು, ರವೆಯಷ್ಟು ದಪ್ಪಗೆ ಬೀಸಿಸಿದೆ. ಹದ ನೋಡಲು ಮೂಗು ಬೇಕಿರಲಿಲ್ಲ. ಬಿಸಿ ಬೆರಳಿಗೆ ತಿಳಿಯುತ್ತಿತ್ತು, ಅಂಟು ಸೌಟಿಗೆ ತಿಳಿಯುತ್ತಿತ್ತು. ಹಿಂದಿನ ಕೋಣೆಯಲ್ಲಿ ಬಕೆಟ್ಟನ್ನು ನೀರಿನ ತೊಟ್ಟಿಯಲ್ಲಿ ನಿಲ್ಲಿಸಿ ಒದ್ದೆ ಗೋಣಿ ಸುತ್ತಿ ತಂಪು ಮಾಡುತ್ತಿದ್ದೆ. ವರ್ಷಗಳ ಮೇಲೆ ನನ್ನ ಕೈಗೆ ಒಂದು ವಿದ್ಯೆ ಬಂದಿತ್ತು. ನಾನು ಖುಷಿಯಾಗಿದ್ದೆ. ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಹೀಗೆ ಮನೆಯಲ್ಲಿ ಮಾಡುವವರದೊಂದು ಕೂಟವಿದೆ, ಸಂಕ್ರಾಂತಿ ಆದ ಮೇಲೆ ಮೊಳಕಾಲ್ಮುರು ಕಡೆ ಒಂದು ತೋಟದಲ್ಲಿ ಸ್ಪರ್ಧೆ ಇಡುತ್ತಾರೆ, ನೀವೂ ಬನ್ನಿ ಎಂದು ವಿಜ್ಞಾನಿಗಳೇ ಹೇಳಿದರು. ನಾನು ಮಾಡಿದ್ದನ್ನು ರುಚಿ ನೋಡಿ ಹೇಳಿ ಎಂದರೆ, “ಇಲ್ಲ ಸಾರ್, ಈಗ ನಾನು ನಿಮ್ಮ ಶತ್ರು” ಎಂದು ನಕ್ಕರು. ಹೆಂಡತಿ ಮೊಳಕಾಲ್ಮುರಿನ ಶಾಲೆಯೊಂದರಲ್ಲಿ ಟೀಚರ್. ಬೆಳಗಿನ ಬಸ್ಸಿಗೆ ಹೋದರೆ ಸಂಜೆಗೆ ಬರುವವಳು. ಅವಳಿಗೆ ಇದೆಲ್ಲ ಹುಳಿತ ಗಂಜಿ, ಬಾಯಿಗಿಟ್ಟು ನೋಡು ಎಂದರೆ ಮೂಗು ಮುರಿದಳು. ಹೀಗಾಗಿ ನನ್ನ ನವಣೆ ಬಿಯರು ಅಮೃತವೋ ಕಲಗಚ್ಚೋ ಎಂದು ಹೇಳುವವರು ಯಾರೂ ಇಲ್ಲದೆ ಹೋದರು.

ಆಗ ನನಗೆ ಅಣ್ಣನ ನೆನಪಾಯಿತು. ನೆನಪಾಯಿತು ಎನ್ನುವುದೂ ಸುಳ್ಳೇ. ಮೊದಲ ದಿನದಿಂದ ಅವನ ನಾಲಿಗೆಯೇ ನನ್ನ ತಲೆಯಲ್ಲಿತ್ತು.

ದಾವಣಗೆರೆಯಿಂದ ಬಂದಾಗಿನಿಂದ ಅವನು ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಗೆ ಬಂದು ಪೇಪರು ಓದುತ್ತಾ ಕೂರುತ್ತಿದ್ದ. ಮಂಡಿಗೆ ಬರಲು ಅವನಿಗೆ ನಾಚಿಕೆ, ಅಲ್ಲಿನ ಚೀಲಗಳ ಹಿಂದೆ ಅವನನ್ನು ಎತ್ತಿ ಕೂರಿಸದ ಹಮಾಲನಿರಲಿಲ್ಲ. ಒಂದು ಮಧ್ಯಾಹ್ನ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಬಾಗಿಲಲ್ಲೇ ನಿಂತ.

“ಏನ್ಲೇ ಇದು?”

“ನವಣೆ. ಮೊಳಕೆ ಕಟ್ಟಿ ಮಾಡಿದ್ದು.”

“ಬಿಯರ್ ಐತಲ್ಲೋ.”

“ಹೌದು. ನಂಗೆ ವಾಸ್ನೆ ಬರಲ್ಲ, ನಿಂಗೊತ್ತೈತಲ್ಲ. ನೀನು ಬಾಯಾಗ್ ಹಾಕ್ಕೊಂಡು ಉಗುಳಿಬಿಡು, ಹೆಂಗೈತೆ ಹೇಳು. ಮಂಡೀಲಿ ಬೀಜ ನೋಡಿದಂಗೆ.”

ಅವನು ಕೊರಳಿನ ಲಿಂಗವನ್ನು ಮುಟ್ಟಿ ನೋಡಿಕೊಂಡ. ಆಮೇಲೆ, “ನುಂಗ್ಲಿಲ್ಲ ಅಂದ್ರೆ ಆಣೆ ಮುರಿಯಲ್ಲ ಅಲ್ವಾ?” ಎಂದ. ನನ್ನನ್ನು ಕೇಳಿದನೋ ತನ್ನನ್ನೇ ಕೇಳಿಕೊಂಡನೋ ಗೊತ್ತಿಲ್ಲ. ಅಪ್ಪ ಶಿವರಾತ್ರಿಯಲ್ಲೂ ಉಗುಳಿದ್ದು ಮರೆತೆಯಾ ಎಂದೆ. ಸತ್ತ ಅಪ್ಪನನ್ನು ಸಾಕ್ಷಿಗೆ ಎಳೆದು ತಂದೆ. ಬೇರೆ ಯಾವ ಊರಿನ, ಯಾವ ಕಸುಬಿನ ಮನುಷ್ಯನಾಗಿದ್ದರೂ ಈ ಮಾತನ್ನು ಕೇಳಿ ನಕ್ಕುಬಿಡುತ್ತಿದ್ದ. ನಾವಿಬ್ಬರೂ ನಗಲಿಲ್ಲ. ನಮಗೆ ಅದು ನ್ಯಾಯವಾಗಿಯೇ ಕಂಡಿತು.

ಸ್ಟೀಲ್ ಲೋಟದಲ್ಲಿ ಎರಡು ಬೆರಳಷ್ಟು ಹಾಕಿ ಕೊಟ್ಟೆ. ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ. ಮೋರಿಗೆ ಉಗುಳಿ, ನೀರು ಮುಕ್ಕಳಿಸಿ ಹೇಳಿದ: “ಮುಗ್ಗಲು ಐತೆ. ತಾರಸೀಲಿ ಒಂದು ಮೂಲೆ ಕಾಳು ಒಣಗಿಲ್ಲ, ಟ್ಯಾಂಕ್ ನೆರಳು ಬಿದ್ದೈತೆ. ಅದಷ್ಟೂ ಕೆಟ್ಟೈತೆ.” ತಾರಸಿಗೆ ಹೋಗಿ ನೋಡಿದೆ. ನೀರಿನ ಟ್ಯಾಂಕಿನ ನೆರಳು ಬೀಳುತ್ತಿದ್ದದ್ದು ನಿಜ. ಕೆಳಗೆ ಬಂದಾಗ ಅಣ್ಣ ನಗುತ್ತಿದ್ದ. ಹನ್ನೊಂದು ತಿಂಗಳಿಂದ ಅವನನ್ನು ಬಾಯಿ ತೆಗಿ ಎಂದವರೇ ಹೊರತು ಬಾಯಿ ಬಿಟ್ಟು ಏನಾದರೂ ಹೇಳು ಎಂದವರು ಯಾರೂ ಇರಲಿಲ್ಲ.

ಆವತ್ತಿನಿಂದ ಮಧ್ಯಾಹ್ನಗಳು ನಮ್ಮವಾದವು. ಅವನೇ ಕಾಳು ಆರಿಸುತ್ತಿದ್ದ, ಮೊಳಕೆ ಕಟ್ಟುತ್ತಿದ್ದ. ಅರ್ಧ ಬಿಸಿಲಲ್ಲಿ ಒಣಗಿಸು, ಅರ್ಧ ಗಾಳಿಯಲ್ಲಿ ಒಣಗಿಸು, ಒಂದು ಹಿಡಿ ಮಾತ್ರ ಹಂಚಿನ ಮೇಲೆ ಹುರಿ ಎಂದು ನನಗೆ ಹುಕುಂ ಮಾಡುತ್ತಿದ್ದ. ಚಿಕ್ಕಂದಿನಿಂದ ನಾವು ಅಷ್ಟು ಹೊತ್ತು ಒಟ್ಟಿಗೆ ಕೂತದ್ದೇ ಇರಲಿಲ್ಲ. ಮನೆಗೆ ಹೋಗುವಾಗ ಬೆಳ್ಳುಳ್ಳಿ ಹಾಕಿದ ಶೇಂಗಾ ಚಟ್ನಿಪುಡಿಯನ್ನು ಬಾಯಿ ತುಂಬ ಹಾಕಿಕೊಂಡು ಹೋಗುತ್ತಿದ್ದ. ಅದೂ ಬೇಕಿರಲಿಲ್ಲ. ನಮ್ಮ ಮನೆಯಿಂದ ಬಂದ ದಿನ ಅತ್ತಿಗೆ ಅವನ ಬಾಯಿ ಮೂಸುವುದನ್ನು ಬಿಟ್ಟಿದ್ದರು. ತಮ್ಮನ ಜೊತೆ ಇದ್ದವನನ್ನು ಯಾಕೆ ಪರೀಕ್ಷೆ ಮಾಡಬೇಕು?

ಹೆಂಡತಿಗೆ ವಿಷಯ ತಿಳಿದ ದಿನ ಅಡುಗೆಮನೆಯಲ್ಲೇ ನಿಂತು ಕೇಳಿದಳು. “ಭಾವನ್ನ ಯಾಕೆ ಕರ್ಕೊಂಡು ಹೋಗ್ತೀರಿ ಆ ಕೋಣೆಗೆ?”

“ಅವನು ಕುಡಿಯಲ್ಲ. ಉಗುಳ್ತಾನೆ.”

“ಉಗುಳೋದನ್ನ ನೀವು ನಿಂತು ನೋಡಿದೀರಾ?”

“ನಿನಗೆ ಮಂಡಿ ಕೆಲಸ ಗೊತ್ತಿಲ್ಲ, ಸುಮ್ನಿರು” ಎಂದು ರೇಗಿದೆ. ಒಲೆಯ ಕಡೆ ತಿರುಗಿದಳು. ಆ ವಿಷಯ ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎಂದು ಅವಳ ಮೇಲೆ ಸಿಟ್ಟು ಬರುವ ದಿನಗಳೂ ಇವೆ. ನನ್ನ ಬುದ್ಧಿ ಅಂಥದ್ದು.

ಮೂರನೇ ಸಲದ ಬಿಯರು ತಿಳಿಯಾಗಿ ಬಂದಿತ್ತು. ಅಣ್ಣ ಬಾಯಲ್ಲಿಟ್ಟುಕೊಂಡು ಉಗುಳಿ, ಮತ್ತೆ ಸ್ವಲ್ಪ ಹಾಕಿಸಿಕೊಂಡು ಉಗುಳಿ, ತಲೆ ಆಡಿಸಿದ. “ಹಿಂಗೆ ಆಗಲ್ಲ ಕಣೋ. ಶೇಂಗಾ ಕಹಿ ನಾಲಿಗೆ ತುದೀಗೇ ಸಿಗ್ತೈತೆ. ಈ ಹೂವಿನ ಕಹಿ ಗಂಟಲಾಗೈತೆ. ಉಗುಳಿದ್ರೆ ತಿಳಿಯಲ್ಲ.” ಇದೇ ಮಾತನ್ನು ಮಾಳಿಗೆಯ ವಿಜ್ಞಾನಿಗಳೂ ಹೇಳಿದ್ದರು. ಬಿಯರು ನೋಡುವವರು ಉಗುಳುವುದಿಲ್ಲವಂತೆ, ನುಂಗಿದರೇ ಕಹಿಯ ಕೊನೆ ತಿಳಿಯುವುದಂತೆ. ಸ್ಪರ್ಧೆಗೆ ಒಂದು ತಿಂಗಳಿತ್ತು. ಹೂವು ಹೆಚ್ಚು ಹಾಕಬೇಕೋ ಕಡಿಮೆ ಮಾಡಬೇಕೋ ನನಗೆ ಗೊತ್ತಾಗಬೇಕಿತ್ತು.

“ಒಂದೇ ಗುಟುಕು” ಎಂದೆ.

ಇದನ್ನು ಅವನು ಕೇಳಲಿಲ್ಲ, ನಾನೇ ಅಂದದ್ದು. ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ, ಆದ್ದರಿಂದ ಸುಳ್ಳು ಬರೆದರೂ ನಡೆಯುತ್ತಿತ್ತು. ಅವನು ನುಂಗಿದ. ಗಂಟಲಿನ ಗುಂಡು ಮೇಲೆ ಹೋಗಿ ಕೆಳಗೆ ಬಂತು. ಕಣ್ಣು ತೆರೆದು ನನ್ನನ್ನು ನೋಡಿದ. ಆ ನೋಟದಲ್ಲಿ ಏನೂ ಸಂತೋಷವಿರಲಿಲ್ಲ, ಹೆದರಿಕೆಯಿತ್ತು. “ಹೂವು ಅರ್ಧ ಕಮ್ಮಿ ಮಾಡು” ಎಂದ. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಮುಂದೆ ಅವನು ಉಗುಳುವ ಶಬ್ದ ಮಾತ್ರ ಮಾಡುತ್ತಿದ್ದ. ಮೋರಿಯ ಕಡೆ ಬಗ್ಗಿ ಥೂ ಎನ್ನುತ್ತಿದ್ದ, ಬೀಳುತ್ತಿದ್ದದ್ದು ಬರೀ ಎಂಜಲು. ನಾನು ಗಂಟಲನ್ನೇ ನೋಡುತ್ತಿದ್ದೆ, ನೋಡಿಯೂ ಬೆನ್ನು ತಿರುಗಿಸಿ ಬಕೆಟ್ಟು ತೊಳೆಯುತ್ತಿದ್ದೆ. ಶೆಲ್ಫಿನ ಮೇಲೆ ತುಂಬಿಟ್ಟ ಬಾಟಲಿಗಳ ಸಾಲಿನಲ್ಲಿ ಸಂದು ಬಿದ್ದಿದ್ದನ್ನೂ ನೋಡಿದೆ. ಗ್ಯಾಸು ಹೆಚ್ಚಾಗಿ ಒಡೆದಿರಬೇಕು ಅಂದುಕೊಂಡೆ. ಒಡೆದಿದ್ದರೆ ಗಾಜಿನ ಚೂರು ಇರಬೇಕಿತ್ತು. ಸ್ಪರ್ಧೆ ಮುಗಿಯಲಿ, ಆವತ್ತೇ ಎಲ್ಲ ಚೆಲ್ಲಿ ಬಕೆಟ್ಟು ಕೊಟ್ಟುಬಿಡುತ್ತೇನೆ ಎಂದು ಮನಸ್ಸಿನಲ್ಲೇ ಲಿಂಗ ಮುಟ್ಟಿ ಹೇಳಿಕೊಂಡೆ. ಕುಡುಕರೂ ಹೀಗೆಯೇ ಹೇಳಿಕೊಳ್ಳುತ್ತಾರೆ, ನಾಳೆಯಿಂದ ಎಂದು. ಒಂದು ತೊಟ್ಟೂ ಕುಡಿಯದ ನನಗೂ ಅದು ಹತ್ತಿತ್ತು.

ಸ್ಪರ್ಧೆ ನಡೆದದ್ದು ಸಿದ್ದಾಪುರದ ಹತ್ತಿರ, ಬಂಡೆಗುಡ್ಡದ ಬುಡದ ಒಂದು ದಾಳಿಂಬೆ ತೋಟದ ಶೆಡ್ಡಿನಲ್ಲಿ, ಒಂದು ಭಾನುವಾರದ ಮಧ್ಯಾಹ್ನ. ಇದಕ್ಕೆಲ್ಲ ಪರವಾನಗಿ ಬೇಕೇ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಗೊತ್ತಿದ್ದವರು ಇಬ್ಬರಾದರೂ ಅಲ್ಲಿದ್ದರು. ಹೆಸರು ಕಾಣಬಾರದೆಂದು ಪ್ರತಿ ಬಾಟಲಿಯ ಕುತ್ತಿಗೆಗೂ ಒಂದೊಂದು ಬಣ್ಣದ ರೇಷ್ಮೆ ನೂಲು ಕಟ್ಟಿದ್ದರು. ನೂಲು ತಂದವರು ಮೊಳಕಾಲ್ಮುರಿನ ಒಬ್ಬ ನೇಕಾರರು, ಅವರೂ ಸ್ಪರ್ಧಿಯೇ. ನಮ್ಮ ಬಾಟಲಿಗೆ ಅರಿಶಿನದ ನೂಲು ಬಂತು. ಅತ್ತಿಗೆಗೆ ನಾವು ಶೇಂಗಾ ಬೀಜದ ತಳಿ ನೋಡಲು ರಾಂಪುರಕ್ಕೆ ಹೋಗುತ್ತೇವೆ ಎಂದು ಹೇಳಿದ್ದೆ. ದಾರಿಗೆ ಬೇಕು ಎಂದು ಬುತ್ತಿ ಕಟ್ಟಿಕೊಟ್ಟಿದ್ದರು.

ಮಾಡಿದವರೇ ತಮ್ಮ ಬಿಯರಿನ ಬಗ್ಗೆ ತೀರ್ಪುಗಾರರಿಗೆ ಹೇಳಬೇಕು ಎಂಬುದು ಕೊನೆಯ ಸುತ್ತಿನ ನಿಯಮ. ನಾನು ಏನು ಹೇಳಲಿ? ಅಣ್ಣನನ್ನು ಮುಂದೆ ತಳ್ಳಿದೆ. ಅವನು ಲೋಟ ಹಿಡಿದು ನಿಂತ. ಕೈ ಸ್ವಲ್ಪ ನಡುಗುತ್ತಿತ್ತು. ಒಂದು ಗುಟುಕು ತೆಗೆದುಕೊಂಡ ಮೇಲೆ ನಡುಕ ನಿಂತಿತು. ಆ ನಿಂತದ್ದನ್ನು ನಾನು ನೋಡಿದೆ.

“ಮೊದ್ಲು ಜೇನು ಬರ್ತೈತೆ” ಎಂದ. “ತಿನ್ನೋ ಜೇನಲ್ಲ, ಹುಟ್ಟಿ ಹತ್ರ ನಿಂತ್ರೆ ಬರೋ ವಾಸ್ನೆ. ಆಮ್ಯಾಲೆ ಹಸಿ ಹುಲ್ಲು. ನಡುವೆ ಹೂವಿನ ಕಹಿ, ಅದು ಬಾಳ ಹೊತ್ತು ಕೂರಲ್ಲ, ಎದ್ದು ಹೋಗ್ತೈತೆ. ಕೊನೀಗೆ ಹುರಿದ ಶೇಂಗಾ ಸಿಪ್ಪೆ ಒಗರು. ಸಿಪ್ಪೆ ಹಾಕಿಲ್ಲ. ಒಂದು ಹಿಡಿ ನವಣೆ ಹಂಚಿನ ಮ್ಯಾಲೆ ಹುರಿದೀವಿ, ಅದರದ್ದು.”

ನೇಕಾರರು ಎದ್ದು ಬಂದು ಅವನ ಕೈ ಹಿಡಿದುಕೊಂಡು ತೆಲುಗಿನಲ್ಲಿ, “ನಾಲುಕ ಕಾದನ್ನಾ ಇದಿ, ಬಂಗಾರಂ” ಎಂದರು. ಇದು ನಾಲಿಗೆಯಲ್ಲ, ಚಿನ್ನ ಅಂತ. ಅಣ್ಣನ ಕಣ್ಣು ತುಂಬಿ ಬಂತು. ಅಪ್ಪ ಹೋದ ಮೇಲೆ ಅವನನ್ನು ಯಾರೂ ಹಾಗೆ ಹೊಗಳಿರಲಿಲ್ಲ.

ಮೂರನೇ ಬಹುಮಾನ ಆ ನೇಕಾರರಿಗೇ ಬಂತು, ಹುಣಸೆ ಮತ್ತು ಬೆಲ್ಲದ ಹುಳಿ ಬಿಯರಿಗೆ. ಎರಡನೆಯದು ನಮ್ಮ ವಿಜ್ಞಾನಿಗಳಿಗೆ, ಹುರಿದ ರಾಗಿಯ ಕಪ್ಪು ಬಿಯರಿಗೆ. ಅದರ ನೊರೆ ಕಾಫಿಯ ಬಣ್ಣಕ್ಕಿತ್ತು. ಮೊದಲನೆಯದು ಅರಿಶಿನದ ನೂಲಿನದು. ತಿಳಿ ಹೊಂಬಣ್ಣ, ಬಿಳಿಯ ನೊರೆ, ಲೋಟ ಖಾಲಿಯಾಗುವವರೆಗೂ ಅಂಚು ಬಿಡದ ನೊರೆ. ಇಷ್ಟು ನಾನು ಕಣ್ಣಾರೆ ಕಂಡದ್ದು. ಉಳಿದದ್ದು ಅಣ್ಣ ಹೇಳಿದ್ದನ್ನು ಬರೆದಿದ್ದೇನೆ. ನಾನು ಗೆದ್ದ ಬಿಯರಿನ ರುಚಿ ನನಗೆ ಇವತ್ತಿಗೂ ಗೊತ್ತಿಲ್ಲ.

ಸೌಟು ತೆಗೆದುಕೊಂಡು ಫೋಟೋಕ್ಕೆ ನಿಂತಾಗ ತಲೆ ಎತ್ತಿ ನೋಡಿದೆ. ಗೆದ್ದ ಬಾಟಲಿಗಳನ್ನೆಲ್ಲ ತೆರೆದು ಎಲ್ಲರಿಗೂ ಹಂಚುತ್ತಿದ್ದರು. ಅಣ್ಣನ ಕೈಯಲ್ಲಿ ಹುಣಸೆ ಬಿಯರಿನ ತುಂಬಿದ ಗ್ಲಾಸಿತ್ತು. ಯಾರೋ ಏನೋ ಹೇಳಿದರು, ನಕ್ಕ, ಗ್ಲಾಸನ್ನು ಎತ್ತಿ ಒಂದೇ ಉಸಿರಿಗೆ ಮುಗಿಸಿದ. ಇನ್ನೊಂದು ತೆಗೆದುಕೊಂಡ. ಅಲ್ಲಿದ್ದ ಯಾರಿಗೂ ಅವನ ಕಥೆ ಗೊತ್ತಿರಲಿಲ್ಲ, ಅವರ ತಪ್ಪಿಲ್ಲ. ಗೊತ್ತಿದ್ದವನು ನಾನೊಬ್ಬನೇ. ಬೇಡ ಎಂದು ಅಲ್ಲಿಂದಲೇ ಕೂಗಬಹುದಿತ್ತು. ಫೋಟೋದವನು ಇತ್ತ ನೋಡಿ ಎಂದ, ನಾನು ಕ್ಯಾಮೆರಾ ನೋಡಿದೆ. ಆ ಫೋಟೋದಲ್ಲಿ ನಾನು ನಗುತ್ತಿದ್ದೇನೆ.

ವಾಪಸ್ ಬರುವಾಗ ಹಾನಗಲ್ಲಿನ ಹತ್ತಿರ ಏಲಕ್ಕಿ ಬೇಕು, ಕಾರು ನಿಲ್ಲಿಸು ಎಂದ. ಅಂಗಡಿಯಿಂದ ಬಂದಾಗ ಕೈಯಲ್ಲಿ ಏಲಕ್ಕಿಯಿರಲಿಲ್ಲ, ವಿಸ್ಕಿ ಪೌಚಿತ್ತು. ನನ್ನ ಪಕ್ಕದ ಸೀಟಿನಲ್ಲಿ ಕೂತು ಹಲ್ಲಿನಿಂದ ಮೂಲೆ ಹರಿದ.

“ಅಣ್ಣ, ಬ್ಯಾಡ.”

“ಇದನ್ನೂ ಉಗುಳ್ಬೇಕೇನ್ಲೇ?” ಎಂದ. ಸಿಟ್ಟಿನಿಂದ ಅಲ್ಲ, ತೀರಾ ಮೆತ್ತಗೆ.

ಗೇರು ಹಾಕಿದೆ. ಚಳ್ಳಕೆರೆ ತಲುಪುವವರೆಗೆ ಕಾರು ಓಡಿಸಿದೆ. ಅತ್ತಿಗೆ ಬಾಗಿಲಲ್ಲೇ ಇದ್ದರು. ನನ್ನ ಜೊತೆ ಹೋಗಿದ್ದವನಲ್ಲವೇ, ಮೂಸಲಿಲ್ಲ. ಬಿಸಿಲಲ್ಲಿ ಸುತ್ತಿ ಸುಸ್ತಾಗಿದ್ದಾನೆ ಎಂದು ನಾನೇ ಹೇಳಿದೆ.

ಬಕೆಟ್ಟುಗಳನ್ನು ಮಾರನೇ ದಿನವೇ ವಿಜ್ಞಾನಿಗಳಿಗೆ ಕೊಟ್ಟುಬಿಟ್ಟೆ. ಅದರಿಂದ ಯಾರಿಗೆ ಏನು ಆಗಬೇಕಿತ್ತು? ಅಣ್ಣನಿಗೆ ಈಗ ನವಣೆಯೂ ಬೇಕಿರಲಿಲ್ಲ, ನಾನೂ ಬೇಕಿರಲಿಲ್ಲ. ಎರಡು ತಿಂಗಳು ಮುಚ್ಚಿಟ್ಟುಕೊಂಡು ಕುಡಿದ, ಆಮೇಲೆ ಮುಚ್ಚಿಡುವುದನ್ನೂ ಬಿಟ್ಟ. ನಾನು ಬೈದೆ, ಕಾಲಿಗೆ ಬಿದ್ದೆ, ಒಂದು ಸಲ ಕೆನ್ನೆಗೆ ಹೊಡೆದೆ. ಹೊಡೆಸಿಕೊಂಡು ಸುಮ್ಮನೆ ಕೂತ. ಯಾವತ್ತೂ, ಒಂದು ದಿನವೂ, ನೀನು ಕೊಟ್ಟಿದ್ದಲ್ಲವೇನೋ ಎಂದು ಅನ್ನಲಿಲ್ಲ. ಅಂದಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ.

ಮುಂದಿನ ಸಂಕ್ರಾಂತಿ ಕಳೆದ ಮೇಲೆ ಹೊಟ್ಟೆ ಊದಿಕೊಂಡು ಕಣ್ಣು ಹಳದಿಯಾಯಿತು. ಬಳ್ಳಾರಿಯ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಅಲ್ಲಿನ ಡಾಕ್ಟರಿಗೆ ಹಳೆಯದೆಲ್ಲ ತಿಳಿಯಬೇಕಿತ್ತು. ಬಿಟ್ಟವರು ಮತ್ತೆ ಯಾವಾಗ ಶುರು ಮಾಡಿದರು ಎಂದು ಕೇಳಿದರು. ಅತ್ತಿಗೆ ಯುಗಾದಿ ಹೊತ್ತಿಗೆ ಇರಬೇಕು ಎಂದರು. ಆಮೇಲೆ ನನ್ನ ಕಡೆ ಕೈ ಮಾಡಿ, “ಇವರು ನನ್ನ ಮೈದುನರು. ಒಂದ್ ವರ್ಷ ಇವರೇ ಕಾದ್ರು ಡಾಕ್ಟ್ರೆ. ದಿನಾ ಮಧ್ಯಾಹ್ನ ತಮ್ಮ ಮನೇಲಿ ಕೂರಿಸ್ಕೊಂಡು, ಅದೂ ಇದೂ ಕೆಲ್ಸ ಕೊಟ್ಟು, ಒಂದ್ ಹನಿ ಮುಟ್ಟದಂಗೆ ಕಾದ್ರು. ಇವರ ಮನೆಗೆ ಹೋಗೋದು ಬಿಟ್ಟ ಮ್ಯಾಲೇ ಶುರುವಾಗಿದ್ದು” ಎಂದರು. ಡಾಕ್ಟರು ನನ್ನತ್ತ ಗೌರವದಿಂದ ನೋಡಿದರು. ನಾನು ಅಣ್ಣನ ಮುಖ ನೋಡಿದೆ. ಅವನಿಗೆ ಎಚ್ಚರವಿತ್ತು, ಎಲ್ಲ ಕೇಳಿ ಕಣ್ಣು ಮುಚ್ಚಿಕೊಂಡ. ನಾಲ್ಕನೇ ದಿನ ಹೋದ.

ನಮ್ಮಲ್ಲಿ ಮಣ್ಣು ಮಾಡುವುದು. ಪದ್ಮಾಸನದಲ್ಲಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ತುಂಬಿದೆವು. ಯಾವ ಅಂಗೈ ಮೇಲೆ ಆಣೆ ಮಾಡಿದ್ದನೋ ಅದೇ ಅಂಗೈ. ಮಣ್ಣು ಹಾಕುವಾಗ ನನ್ನ ಕೈ ಮೇಲೇಳಲಿಲ್ಲ. ದುಃಖ ಎಂದು ನಾಲ್ಕು ಜನ ಹಿಡಿದುಕೊಂಡರು. ಅದು ದುಃಖವಾಗಿದ್ದರೆ ಇಷ್ಟು ಹೊತ್ತಿಗೆ ಸ್ವಲ್ಪವಾದರೂ ಕಡಿಮೆಯಾಗುತ್ತಿತ್ತು.

ಹೇಳಬೇಕು ಎಂದು ಎಷ್ಟು ಸಲ ಅತ್ತಿಗೆಯ ಮನೆಯ ಮೆಟ್ಟಿಲು ಹತ್ತಿದ್ದೇನೋ ನನಗೇ ಗೊತ್ತಿಲ್ಲ. ಪ್ರತಿ ಸಲ ಅವರು ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಆ ಒಂದು ವರ್ಷದ ಮಾತೇ ತೆಗೆಯುತ್ತಾರೆ. ಸಂಜೆ ನಮ್ಮ ಮನೆಯಿಂದ ಬಂದವನು ನಗುನಗುತ್ತಾ ರಾತ್ರಿ ಊಟಕ್ಕೆ ಕೂರುತ್ತಿದ್ದನಂತೆ, ಮದುವೆಯಾದ ಹೊಸದರಲ್ಲೂ ಹಾಗೆ ನಕ್ಕವನಲ್ಲವಂತೆ. “ಅದೊಂದು ವರ್ಷ ನಂಗೆ ಗಂಡ ಸಿಕ್ಕಿದ್ರು, ನಿಮ್ಮಿಂದ” ಎನ್ನುತ್ತಾರೆ. ಆ ಮಾತು ಕೇಳಿದ ಮೇಲೆ ನಿಜ ಹೇಳಿದರೆ ಅವರಿಗೆ ಉಳಿದಿರುವ ಆ ಒಂದು ವರ್ಷವನ್ನೂ ಕಿತ್ತುಕೊಂಡ ಹಾಗೆ. ಹೀಗೆ ನಾನು ನನಗೆ ಹೇಳಿಕೊಳ್ಳುತ್ತೇನೆ. ನಿಜವಾದ ಕಾರಣ ಹೇಡಿತನ, ಅದು ನನಗೆ ಗೊತ್ತು.

ಹೋದ ತಿಂಗಳು ಅತ್ತಿಗೆ ನಮ್ಮ ಮನೆಗೆ ಬಂದರು. ಜೊತೆಗೆ ಮಗಳು, ಅಳಿಯ. ಅಳಿಯನಿಗೆ ರಾಂಪುರದಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ಮೂವತ್ತೈದು ದಾಟಿಲ್ಲ, ಕೈ ಆಗಲೇ ನಡುಗುತ್ತದೆ. ತಲೆ ಬಗ್ಗಿಸಿ ಕೂತಿದ್ದ. ಮಗಳ ಮುಖ ಅತ್ತತ್ತು ಊದಿತ್ತು. ವರ್ಷದಿಂದ ಹತ್ತಿದೆಯಂತೆ, ಅಂಗಡಿ ತೆಗೆಯುವ ಮೊದಲೇ ಬೇಕಂತೆ. ಅಂಗಡಿಯನ್ನು ಅವನ ತಮ್ಮ ಸ್ವಲ್ಪ ದಿನ ನೋಡಿಕೊಳ್ಳುತ್ತಾನೆ, ಇವನು ಚಳ್ಳಕೆರೆಯಲ್ಲೇ ಇರಲಿ ಎಂದು ಎಲ್ಲ ಮಾತಾಡಿಕೊಂಡು ಬಂದಿದ್ದರು.

“ಬ್ಯಾರೆ ಎಲ್ಲೂ ಕಳ್ಸಲ್ಲ ಇವರನ್ನ” ಎಂದರು ಅತ್ತಿಗೆ. “ದಾವಣಗೆರೆನೂ ಬ್ಯಾಡ, ಆಣೆ ಪ್ರಮಾಣನೂ ಬ್ಯಾಡ. ದಿನಾ ಮಧ್ಯಾಹ್ನ ನಿಮ್ಮನೇಗೆ ಕಳಿಸ್ತೀನಿ. ನಮ್ಮನೆಯವರನ್ನ ಕಾದಂಗೆ ಇವರನ್ನೂ ಕಾಯ್ರಿ. ನೀವೊಬ್ರೇ ನಂಗೆ ಗೊತ್ತಿರೋದು.”

ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ಕಾಫಿ ತಟ್ಟೆ ಹಿಡಿದು ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ಅಣ್ಣನ ಮಗಳು ಎದ್ದು ಬಂದು ನನ್ನ ಕಾಲು ಮುಟ್ಟಿದಳು.

ಆಗಲಿ, ಕಳಿಸ್ರಿ ಎಂದೆ. ಆಗಲ್ಲ ಎಂದಿದ್ದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು.